ಡೇರಿ ನಂಬರಿಗೆ ಬಂದ ನೋಟೀಸು

"ಬಂದಿಲ್ಲ ಅಂದ್ರೆ ಬಂದಿಲ್ಲ! ಎಷ್ಟು ಸಲ ಏಳ್ಬೇಕಕ್ಕ ನಿಂಗೆ?"

"ಸುಳ್ಳು ಬೊಗಳಬೇಡ್ಲಾ ಬೈರೇಶ. ಅನ್ನ ತಿನ್ನೋ ಬಾಯಿ ಅದು."

"ನೋಟೀಸು ಬಂದಿದ್ರೆ ಏಳ್ತಿರ್ಲಿಲ್ವಾ? ಬಚ್ಚಿಟ್ಕೊಂಡು ನಾನೇನು ಉಪ್ಪಿನಕಾಯಿ ಆಕ್ಲಾ?"

ಅರುಣಕುಮಾರಿ ಕೊಟ್ಟಿಗೆಯ ಕಂಬದ ಮೊಳೆಯಲ್ಲಿ ನೇತಾಡುತ್ತಿದ್ದ ಫೋನನ್ನು ಕಿತ್ತು ತಮ್ಮನ ಮೂಗಿಗೆ ಹಿಡಿದಳು. ಇನ್ನೊಂದು ಕೈಯಲ್ಲಿ ಆ ಮಧ್ಯಾಹ್ನ ಕೆಜಿಎಫ್ ಕೋರ್ಟಿನಿಂದ ತಂದ ಜೆರಾಕ್ಸ್ ಹಾಳೆ ಇತ್ತು.

"ಈ ಆಳೇಲಿರೋದು ಯಾವ ನಂಬರ್ರು? ಓದು. ಜೋರಾಗಿ ಓದ್ಲಾ, ಅಮ್ಮನಿಗೂ ಕೇಳ್ಲಿ."

ಅದು ಅಕ್ಕನ ಕೈಯಲ್ಲಿದ್ದ ಆ ಫೋನಿನದೇ ನಂಬರು. ಆ ಹತ್ತು ಅಂಕಿ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು.

"ಜುಲೈ ಮೂರನೇ ತಾರೀಕು, ಬೆಳಿಗ್ಗೆ ಅನ್ನೊಂದು ಗಂಟೆ. ವಾಟ್ಸಾಪಿಗೆ ಬಂದೈತೆ. ಎರಡು ಟಿಕ್ಕು ಬಿದ್ದೈತೆ. ಜೆರಾಕ್ಸಲ್ಲಿ ಬಣ್ಣ ಕಾಣಲ್ಲ ಅಂತ ಕೋರ್ಟಿನೋರು ಪಕ್ಕದಲ್ಲಿ ಪೆನ್ನಲ್ಲಿ ಬರ್ದವ್ರೆ, ನೀಲಿ ಅಂತ. ನೀಲಿ ಅಂದ್ರೆ ಯಾರೋ ತೆಗೆದು ನೋಡವ್ರೆ. ಆ ವೊತ್ನಲ್ಲಿ ನಾನು ಫ್ಯಾಕ್ಟ್ರೀಲಿ ಮಿಷಿನ್ ಮುಂದೆ ಕುಂತಿರ್ತೀನಿ. ಇನ್ಯಾರ್ಲಾ ನೋಡಿದ್ದು? ಅಸು ನೋಡ್ತಾ?"

ಬೈರೇಶನ ಹೆಂಡತಿ ಸುಮಲತ ಒಂದು ವರ್ಷದ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಒಂದು ಸಲ ಗಂಡನ ಕಡೆ ಹೋಗಿ ಬಂತು. ಅರುಣಕುಮಾರಿಗೆ ಅಷ್ಟು ಸಾಕಾಯಿತು.

"ಓದಿ ಏಳಿದ್ದು ನೀನು. ಈ ಮನೇಲಿ ಪಿಯುಸಿ ಓದಿರೋಳು ನೀನೊಬ್ಳೇ."

"ಓದು ಅಂದ್ರು, ಓದ್ದೆ. ಅಳಿಸಿದ್ದು ನಾನಲ್ಲ ಅತ್ತಿಗೆ."

"ಅಳಿಸಿದ್ದು ನಾನೇ!" ಬೈರೇಶ ಖಾಲಿ ಹಾಲಿನ ಕ್ಯಾನನ್ನು ಒದ್ದ. ಅದು ಅಂಗಳದ ತುಂಬ ಸದ್ದು ಮಾಡಿಕೊಂಡು ಉರುಳಿತು. "ನಾನೇ ಅಳಿಸ್ದೆ. ಏನ್ ಮಾಡ್ತೀಯ? ಪೊಲೀಸ್ನೋರಿಗೆ ಇಡ್ಕೊಡ್ತೀಯಾ? ಕೊಡೋಗು!"

ಜಗಲಿಯ ಮೇಲೆ ಹುರುಳಿಕಾಳು ಆರಿಸುತ್ತಿದ್ದ ಅವರ ತಾಯಿ ಅಶ್ವತ್ಥಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಅವನ್ನ ಯಾಕೆ ತಿಂತೀಯಮ್ಮಾ? ಅಳಿಸಾಕು ಅಂದಿದ್ದು ನಾನು" ಎಂದಳು. ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು.

ಹನ್ನೊಂದು ವರ್ಷದ ಹಿಂದೆ ಒಂದೇ ಚಪ್ಪರದಲ್ಲಿ ಎರಡು ಮದುವೆ ನಡೆದಿದ್ದವು. ಅರುಣಕುಮಾರಿಯನ್ನು ಕೆಜಿಎಫ್‌ನ ಊರಿಗಾಮಿನ ವೆಂಕಿಗೆ ಕೊಟ್ಟರು. ವೆಂಕಿಯ ತಂಗಿ ಸುಮಲತಳನ್ನು ಬೈರೇಶನಿಗೆ ತಂದರು. ಇವರ ಊರು ಕಾಮಸಮುದ್ರದ ಸುತ್ತಮುತ್ತ ಇದಕ್ಕೆ ಕುಂಡಮಾರ್ಪು ಅನ್ನುತ್ತಾರೆ, ಗಡಿಗೆ ಕೊಟ್ಟು ಗಡಿಗೆ ತಗೊಳ್ಳುವುದು. ಹೆಣ್ಣು ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ, ಎರಡು ಮನೆಯವರ ಜುಟ್ಟೂ ಒಬ್ಬರದು ಒಬ್ಬರ ಕೈಯಲ್ಲಿರುತ್ತದೆ ಎಂದು ಹಿರಿಯರು ಇದನ್ನು ಹೊಗಳುತ್ತಾರೆ. ಹೊಗಳುವವರು ಎಲ್ಲರೂ ಗಂಡಸರು. ಆ ಕಡೆ ಗಡಿಗೆ ಒಡೆದರೆ ಈ ಕಡೆಯದನ್ನೂ ಒಡೆಯಬೇಕು ಅನ್ನುವುದನ್ನು ಯಾರೂ ಚಪ್ಪರದ ಕೆಳಗೆ ಹೇಳುವುದಿಲ್ಲ.

ವೆಂಕಿ ಟೆಂಪೋ ಓಡಿಸುತ್ತಿದ್ದ. ಅವನಪ್ಪ ಗಣಿಯಲ್ಲಿ ಕೆಲಸ ಮಾಡಿದ್ದರಿಂದ ಕಂಪನಿ ಕಟ್ಟಿಸಿದ ಹಳೇ ಸಾಲುಮನೆಗಳ ಲೈನಿನಲ್ಲಿ ಮನೆ ಇತ್ತು. ಎರಡು ವರ್ಷದ ಹಿಂದೆ ಅವನು ಜಾಕಿ ರಾಡಿನಿಂದ ಹೊಡೆದು ಅರುಣಕುಮಾರಿಯ ಮುಂಗೈ ಮುರಿದ. ಅವಳು ಆಸ್ಪತ್ರೆಯಿಂದ ನೇರ ತವರಿಗೆ ಬಂದಳು. ಮಗಳು ಲಿಖಿತ ಆವಾಗ ಸ್ಕೂಲಿನಲ್ಲಿದ್ದಳು. ಕೈ ಕಟ್ಟಿಸಿಕೊಂಡು ಎರಡು ದಿನ ಬಿಟ್ಟು ಮಗಳನ್ನು ಕರೆತರಲು ಹೋದರೆ ವೆಂಕಿಯ ತಾಯಿ ವೆಂಕಟರತ್ನಮ್ಮ ಬಾಗಿಲು ತೆಗೆಯಲಿಲ್ಲ. ಅದೇ ವಾರ ವೆಂಕಿ ಬಂದು ಸುಮಲತಳನ್ನು ಟೆಂಪೋ ಹತ್ತಿಸಿಕೊಂಡು ಹೋದ. ನಾಲ್ಕು ತಿಂಗಳು ಇಟ್ಟುಕೊಂಡ. ಬೈರೇಶ ವಾರಕ್ಕೊಮ್ಮೆ ಹೋಗಿ ಲೈನಿನ ಮೆಟ್ಟಿಲ ಮೇಲೆ ಕುಳಿತು ಬರುತ್ತಿದ್ದ. ಕೊನೆಗೆ ಪಂಚಾಯ್ತಿ ಸೇರಿ ಸುಮಲತಳನ್ನು ಕಳಿಸಿದರು. ಬಂದ ಮೇಲೆ, ಮದುವೆಯಾಗಿ ಹತ್ತು ವರ್ಷಕ್ಕೆ, ಅವಳು ಹೆತ್ತಳು.

ನೀನೂ ಗಂಡನ ಮನೆಗೆ ಹೋಗು ಎಂದ ಪಂಚಾಯ್ತಿಯ ಮಾತನ್ನು ಅರುಣಕುಮಾರಿ ಮಾತ್ರ ಕೇಳಲಿಲ್ಲ. ಮಗಳು ನನಗೆ ಬೇಕು ಎಂದು ಕೋರ್ಟಿಗೆ ಹೋದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ವಕೀಲರ ಹತ್ತಿರ ನಂಬರ್ ಕೊಡುವಾಗ ಅವಳು ಡೇರಿ ನಂಬರ್ ಕೊಟ್ಟಳು. ವೆಂಕಿ ಫೋನ್ ಮಾಡಿ ಬಯ್ಯುತ್ತಾನೆಂದು ಅವಳು ಎರಡು ಸಲ ಸಿಮ್ ಬದಲಾಯಿಸಿದ್ದಳು. ಡೇರಿ ನಂಬರ್ ಬದಲಾಗುವುದಿಲ್ಲ. ಹಾಲು ಹಾಕಿದ ಮೇಲೆ ಎಷ್ಟು ಲೀಟರ್, ಎಷ್ಟು ಫ್ಯಾಟು ಎಂದು ದಿನಕ್ಕೆ ಎರಡು ಸಲ ಆ ಫೋನಿಗೆ ಮೆಸೇಜು ಬರುತ್ತದೆ. ರೇಷನ್ ಕಾರ್ಡಿಗೆ ಅದೇ ನಂಬರ್, ಗ್ಯಾಸಿಗೆ ಅದೇ, ಸರ್ಕಾರದವರು ಹಸುವಿನ ಕಿವಿಗೆ ಚುಚ್ಚುವ ನಂಬರಿನ ಓಲೆಗೂ ಅದೇ. ಈ ಊರುಗಳಲ್ಲಿ ಡೇರಿ ನಂಬರ್ ಅಂದರೆ ಮನೆಯ ಬಾಗಿಲಿದ್ದ ಹಾಗೆ. ಬಾಗಿಲಿಗೆ ಬಂದದ್ದು ಒಳಗಿದ್ದವರಿಗೆ ತಲುಪುತ್ತದೆ ಎಂದು ಅವಳು ನಂಬಿದ್ದಳು. ಮೊದಲಾದರೆ ಕೋರ್ಟಿನ ಅಮೀನ ಬರುತ್ತಿದ್ದ, ಅರಳಿಕಟ್ಟೆಯಲ್ಲಿ ಮನೆ ವಿಚಾರಿಸುತ್ತಿದ್ದ, ಯಾರೂ ಇಲ್ಲದಿದ್ದರೆ ಬಾಗಿಲಿಗೆ ಅಂಟಿಸುತ್ತಿದ್ದ. ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ನೋಟೀಸು ಸದ್ದಿಲ್ಲದೆ ಕೊಟ್ಟಿಗೆಯ ಮೊಳೆಗೆ ಬಂದು ಬೀಳುತ್ತದೆ.

ಜೂನ್‌ನಲ್ಲಿ ಅವಳ ವಕೀಲರಿಗೆ ಬೇರೆ ಜಿಲ್ಲೆಯಲ್ಲಿ ಸರ್ಕಾರಿ ವಕೀಲರ ಕೆಲಸ ಸಿಕ್ಕಿತು. ಈ ಕೇಸಿನಿಂದ ಹಿಂದೆ ಸರಿದಿದ್ದೇನೆ ಎಂದು ಕೋರ್ಟಿಗೆ ಬರೆದುಕೊಟ್ಟು ಹೋದರು. ಕೋರ್ಟು ಅವಳಿಗೆ ನೋಟೀಸು ಕಳಿಸಿತು. ಜುಲೈ ಹದಿನೆಂಟಕ್ಕೆ ನೀವೇ ಬನ್ನಿ ಇಲ್ಲವೆ ಬೇರೆ ವಕೀಲರನ್ನು ಕಳಿಸಿ, ಅಂದು ನ್ಯಾಯಾಧೀಶರು ಮಗುವನ್ನು ಮಾತಾಡಿಸುತ್ತಾರೆ, ಬಾರದಿದ್ದರೆ ಅರ್ಜಿ ವಜಾ ಆಗುತ್ತದೆ. ಅದನ್ನೇ ಸುಮಲತ ಓದಿದ್ದು, ಬೈರೇಶ ಅಳಿಸಿದ್ದು. ಅರ್ಜಿ ವಜಾ ಆಯಿತು.

ಅರುಣಕುಮಾರಿಗೆ ವಿಷಯ ಗೊತ್ತಾದದ್ದು ಮಗಳ ಬಾಯಿಂದ. ತಿಂಗಳಿಗೆ ಎರಡು ಶನಿವಾರ ಅವಳು ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಸ್ಕೂಲಿನ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಈ ಶನಿವಾರ ಲಿಖಿತ ಓಡಿ ಬರಲಿಲ್ಲ. ನಿಧಾನಕ್ಕೆ ಬಂದು ಎರಡು ಮಾರು ದೂರದಲ್ಲೇ ನಿಂತಳು.

"ಅಮ್ಮ, ಯಾಕೆ ನೀನು ಬರ್ಲಿಲ್ಲ?"

"ಎಲ್ಲಿಗಮ್ಮಾ?"

"ಕೋರ್ಟ್‌ಗೆ. ಅಪ್ಪ ನಂಗೆ ರಜ ಹಾಕ್ಸಿ ಕರ್ಕೊಂಡು ಹೋಗಿದ್ರು. ಒಬ್ರು ಬಾಗಿಲಲ್ಲಿ ನಿಂತ್ಕೊಂಡು ನಿನ್ನ ಹೆಸ್ರು ಕೂಗಿದ್ರು. ಮೂರು ಸಲ ಕೂಗಿದ್ರು. ನಾನು ಮೆಟ್ಲು ಕಡೆನೇ ನೋಡ್ತಿದ್ದೆ."

ಅರುಣಕುಮಾರಿ ಮಗಳ ಕಡೆ ಒಂದು ಹೆಜ್ಜೆ ಇಟ್ಟಳು.

"ನೋಡು, ನಿಮ್ಮಮ್ಮನಿಗೆ ನೀನು ಬೇಡ್ವಂತೆ ಅಂದ್ರು ಅಪ್ಪ. ಆಮೇಲೆ ಅಜ್ಜಿ ಮೈಸೂರ್ ಪಾಕ್ ತಂದು ಎಲ್ರಿಗೂ ಕೊಟ್ರು. ನಂಗೂ ಕೊಟ್ರು."

ಅವಳು ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಮಗಳು ತೆಗೆದುಕೊಳ್ಳಲಿಲ್ಲ. ಆಟೋ ಬಂದದ್ದೇ ಹತ್ತಿ ಕುಳಿತಳು, ಬೆನ್ನು ಈ ಕಡೆ ಮಾಡಿ.

ಸೋಮವಾರ ಅರುಣಕುಮಾರಿ ಕೋರ್ಟಿಗೆ ಹೋಗಿ ಫೈಲು ನೋಡಿ ಬಂದಿದ್ದಳು. ಈಗ ಅಂಗಳದಲ್ಲಿ ನಿಂತಿದ್ದಳು.

"ನಿನ್ನ ಒಟ್ಟೇಲೇ ಉಟ್ಟಿದ್ದಾ ನಾನು?" ಎಂದು ತಾಯಿಯನ್ನು ಕೇಳಿದಳು.

"ಉಟ್ಟಿದ್ದಕ್ಕೇ ಎರಡು ವರ್ಷದಿಂದ ಊಟ ಆಕ್ತಿರೋದು" ಎಂದಳು ಅಶ್ವತ್ಥಮ್ಮ. "ಮಗು ಎಲ್ಲಿ ಐತೆ? ಕಾಡಲ್ಲಿ ಐತಾ? ಅವರಪ್ಪನ ಅತ್ರ ಐತೆ. ಅದು ಎಣ್ಣು, ನಾಳೆ ಇನ್ನೊಂದು ಮನೆಗೆ ಓಗೋದು. ಇಲ್ಲಿ ನೋಡು, ಅತ್ತು ವರ್ಷಕ್ಕೆ ಒಂದು ಗಂಡು ಮಗ ಆಗೈತೆ. ನಿನ್ನ ಮಗಳನ್ನ ತಂದು ಇವನ್ನ ಕಳ್ಕೊಂಡ್ರೆ ನಾನು ಯಾವ ಬಾವಿಗೆ ಬೀಳ್ಲಿ?"

"ನಂಗೆ ಮಗಳು ಬೇಕಮ್ಮಾ."

"ಬೇಕು ಬೇಕು ಅಂತೀಯ. ಒಂದು ಗಂಡನ ಜೊತೆ ಬಾಳೋಕಾಗ್ದೆ ಬಂದೋಳು ನೀನು. ಒಡುದ್ರೆ ಒಡಿಸ್ಕೊಂಡು ಬಿದ್ದಿದ್ರೆ ಮಗಳು ಪಕ್ಕದಲ್ಲೇ ಇರ್ತಿದ್ಲು."

ಸುಮಲತ ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ನಿಮ್ಗೆ ಮಗಳು ಬೇಕು, ನಂಗೆ ಗಂಡನ ಮನೆ ಬೇಕು. ನೀವು ಗೆದ್ದ ದಿನ ನಮ್ಮಣ್ಣ ಬಂದು ನನ್ನ ಎಳ್ಕೊಂಡೋಗ್ತಾನೆ. ಇಬ್ರುಗೂ ಸಿಗಲ್ಲ. ಒಬ್ರಿಗೇ ಸಿಗೋದು" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ.

ಮಾರನೇ ದಿನ ಅರುಣಕುಮಾರಿ ಬಂಗಾರಪೇಟೆಯಲ್ಲಿ ಶಶಿರೇಖ ಅನ್ನುವ ವಕೀಲರನ್ನು ಹಿಡಿದಳು. ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆಯ ಆಫೀಸು. ಶಶಿರೇಖ ಜೆರಾಕ್ಸನ್ನು ಎರಡು ಸಲ ಓದಿದರು.

"ವಜಾ ಆದ ಮೂವತ್ತು ದಿನದೊಳಗೆ ಕೇಸನ್ನ ಮತ್ತೆ ತಗೊಳ್ಳಿ ಅಂತ ಅರ್ಜಿ ಹಾಕಬಹುದು. ಭಾನುವಾರಕ್ಕೆ ಮೂವತ್ತು ಆಗುತ್ತೆ. ಭಾನುವಾರ ರಜ, ಸೋಮವಾರ ಕೊನೆ. ಆದರೆ ನೋಟೀಸು ನನಗೆ ಗೊತ್ತೇ ಇರಲಿಲ್ಲ ಅಂತ ನೀವೊಬ್ಬರೇ ಹೇಳಿದರೆ ನಡೆಯೋದಿಲ್ಲ. ನಂಬರ್ ಕೊಟ್ಟವರು ನೀವು, ಟಿಕ್ಕು ನೀಲಿ ಆಗಿದೆ. ಹೋದ ತಿಂಗಳು ಇಂಥವೇ ಎರಡು ಅರ್ಜಿ ಹಾಕಿದ್ದೆ, ಎರಡನ್ನೂ ಟಿಕ್ಕು ತೋರಿಸಿ ಎತ್ತಿ ಬಿಸಾಕಿದರು."

"ಮತ್ತೇನ್ ಮಾಡೋದು ಮೇಡಂ?"

"ಫೋನ್ ಯಾರ ಹತ್ತಿರ ಇತ್ತೋ ಅವರು ಬಂದು ಪ್ರಮಾಣ ಮಾಡಿ ಬರೆದುಕೊಡಬೇಕು. ನಾನು ನೋಡಿದೆ, ನಾನು ಅಳಿಸಿದೆ, ಅಕ್ಕನಿಗೆ ಹೇಳಲಿಲ್ಲ ಅಂತ. ಆ ಒಂದು ಹಾಳೆ ಇದ್ದರೆ ಕೇಸು ಉಳಿಯುತ್ತೆ. ಇಲ್ಲದಿದ್ದರೆ ನಾನೇನು, ಹೈಕೋರ್ಟಿನಿಂದ ಯಾರು ಬಂದರೂ ಕಷ್ಟ."

ಆ ಸಂಜೆ ಬೈರೇಶ ಮೇವು ಕತ್ತರಿಸುತ್ತಿದ್ದಾಗ ಅವಳು ಹೋಗಿ ಎದುರಿಗೆ ಕುಳಿತಳು. ಬಯ್ಯಲಿಲ್ಲ. ಲಿಖಿತ ಗೇಟಿನಲ್ಲಿ ನಿಂತು ಹೇಳಿದ ಅಷ್ಟೂ ಮಾತನ್ನು ಒಂದೂ ಬಿಡದೆ ಹೇಳಿದಳು. ಮೆಟ್ಟಿಲು, ಮೂರು ಸಲ ಕೂಗಿದ್ದು, ಮೈಸೂರ್ ಪಾಕು. ಬೈರೇಶ ಕುಡುಗೋಲು ಕೆಳಗಿಟ್ಟ. ಲಿಖಿತಳಿಗೆ ಕಿವಿ ಚುಚ್ಚಿಸಿದ್ದು ಸೋದರಮಾವನಾದ ಅವನ ತೊಡೆಯ ಮೇಲೆ ಕೂರಿಸಿ. ಅವಳು ಕಿರುಚಿ ಅವನ ಅಂಗಿಯೆಲ್ಲ ಒದ್ದೆ ಮಾಡಿದ್ದಳು.

"ಸೋಮವಾರ ಬತ್ತೀನಿ" ಎಂದ. "ಅಮ್ಮನಿಗೆ ಏಳ್ಬೇಡ."

"ನಾಳೇನೇ ಬಾರ್ಲಾ."

"ಕೆಂಚಿ ಅಸು ಇವತ್ತೋ ನಾಳೇನೋ ಕರ ಆಕ್ತದೆ, ಬಿಟ್ಟು ಬರಕ್ಕಾಗಲ್ಲ. ಶುಕ್ರವಾರ ಆಗಸ್ಟ್ ಅದಿನೈದು, ಎಲ್ಲಾ ರಜ. ಸೋಮವಾರ ಬತ್ತೀನಿ ಅಂದ್ನಲ್ಲ, ನನ್ ಮಗನಾಣೆ."

ಸೋಮವಾರ ಇಬ್ಬರೂ ಹಾಲು ಹಾಕಿ ಬಂದು ಎಂಟೂವರೆ ಬಸ್ಸು ಹತ್ತಿದರು. ಬೂಸಾ ತರಲು ಹೋಗುತ್ತೇನೆಂದು ಬೈರೇಶ ಮನೆಯಲ್ಲಿ ಹೇಳಿದ್ದ. ಡೇರಿ ಫೋನನ್ನು ಜೇಬಿಗೆ ಹಾಕಿಕೊಂಡಿದ್ದ, ವಕೀಲರು ಅದನ್ನೂ ನೋಡಬೇಕು ಎಂದಿದ್ದರು. ಬೂಸಾ ತರುವವನಿಗೆ ಒಗೆದ ನೀಲಿ ಅಂಗಿ ಯಾಕೆ, ಡೇರಿ ಫೋನು ಯಾಕೆ ಎಂದು ಅಶ್ವತ್ಥಮ್ಮ ಕೇಳಲಿಲ್ಲ. ಜಗಲಿಯ ಮೇಲೆ ಕುಳಿತು, ಇಬ್ಬರೂ ಬಸ್ಸು ಹತ್ತುವುದನ್ನು ನೋಡಿದಳು. ಆಮೇಲೆ ಎದ್ದು ಪಕ್ಕದ ಮನೆಗೆ ಹೋಗಿ, ಒಂದು ಫೋನ್ ಮಾಡ್ಬೇಕು ಕೊಡಮ್ಮಾ ಎಂದು ಕೇಳಿದಳು.

ಶಶಿರೇಖ ಬೈರೇಶನನ್ನು ಕೂರಿಸಿಕೊಂಡು ಒಂದೊಂದೇ ಕೇಳಿ ಟೈಪು ಮಾಡಿದರು. ಪ್ರಿಂಟು ತೆಗೆದು ಓದಿ ನೋಡಿ ಎಂದು ಕೊಟ್ಟರು. ಬೈರೇಶ ಬೆರಳಿಟ್ಟುಕೊಂಡು ಓದಿದ.

"'ಉದ್ದೇಶಪೂರ್ವಕವಾಗಿ' ಅಂದ್ರೆ?"

"ಬೇಕೂಂತಲೇ ಮಾಡಿದ್ದು ಅಂತ."

"ಜೈಲಿಗೆ ಆಕ್ತಾರಾ ಮೇಡಂ?"

"ಜೈಲಿಗೆಲ್ಲ ಹಾಕೋದಿಲ್ಲ ಅನ್ಸುತ್ತೆ. ಜಡ್ಜು ಬಯ್ಯಬಹುದು. ಬಯ್ಯಿಸ್ಕೊಳ್ಳಿ, ಮಾಡಿದ್ದೀರಲ್ಲ."

"ಬಯ್ಯಿಸ್ಕೊಳ್ಳೋದಾ? ಎರಡು ವರ್ಷದಿಂದ ಅದೇ ಕೆಲಸ ನಂದು. ಇವ್ಳೊಂದು ಕಡೆ, ಅವ್ಳೊಂದು ಕಡೆ" ಎಂದು ಬೈರೇಶ ನಕ್ಕ. ಅರುಣಕುಮಾರಿಯೂ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ನೋಟರಿ ಕೆಳಗಡೇನೇ ಇದ್ದಾರೆ. ಇಲ್ಲಿ ಸಹಿ ಹಾಕಿ, ಅವರ ಮುಂದೆ ಒಂದು ಹಾಕಿದರೆ ಆಯ್ತು. ನಾನು ಮೂರೂವರೆಗೆಲ್ಲ ಹೊರಟುಬಿಟ್ಟರೆ ಐದರೊಳಗೆ ಕೆಜಿಎಫ್‌ನಲ್ಲಿ ಫೈಲ್ ಮಾಡಬಹುದು" ಎಂದು ಶಶಿರೇಖ ಪೆನ್ನು ಕೊಟ್ಟರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆಯಾಗಿತ್ತು.

ಬೈರೇಶ ಪೆನ್ನಿನ ಮುಚ್ಚಳ ತೆಗೆದ. ಜೇಬಿನಲ್ಲಿ ಡೇರಿ ಫೋನು ಹೊಡೆದುಕೊಂಡಿತು. ಕೊಟ್ಟಿಗೆಯಲ್ಲಿ ಕೇಳಿಸಲೆಂದು ಅದರ ಸದ್ದನ್ನು ಪೂರ್ತಿ ಏರಿಸಿಟ್ಟಿದ್ದರು. ಕಿವಿಗಿಟ್ಟುಕೊಂಡರೂ ಅದರ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ಏನ್ ಬಾಮೈದ, ಎಲ್ಲಿದೀಯಾ? ಬಂಗಾರಪೇಟೆಲಾ?" ವೆಂಕಿಯ ಧ್ವನಿ. "ವಕೀಲಮ್ಮನ ಅತ್ರ ಇದೀಯಂತೆ. ಒಳ್ಳೇದು, ಒಳ್ಳೇದು. ಸೈನು ನೀಟಾಗಿ ಆಕು, ಗೀಚಬೇಡ."

"ಬಾವ..."

"ನಾನು ಎಲ್ಲಿದೀನಿ ಕೇಳ್ಲಿಲ್ವಲ್ಲ ನೀನು? ನಿಮ್ಮನೆ ಜಗಲಿ ಮೇಲೇ ಇದೀನಿ. ನಿಮ್ಮಮ್ಮ ಕಾಫಿ ಕೊಟ್ರು. ಗಾಡಿ ಬಾಗಿಲಲ್ಲೇ ನಿಲ್ಲಿಸಿದೀನಿ. ಸುಮ ಒಳಗೆ ಬಟ್ಟೆ ಗಂಟು ಕಟ್ತಾವಳೆ. ಅಳ್ತಾವಳೆ, ಅಳ್ಲಿ ಬಿಡು, ಎಣ್ಣಲ್ವಾ. ನಿನ್ನ ಮಗ ನನ್ನ ತೊಡೆ ಮೇಲವ್ನೆ. ಲೇ ಚಿನ್ನಾ, ಅಪ್ಪ ಕಣೋ, ಮಾತಾಡು."

ಫೋನಿನಲ್ಲಿ ಮಗು ಒಂದು ಸಲ ಕೂಗಿ ಸುಮ್ಮನಾಯಿತು.

"ನೀನು ಸೈನ್ ಆಕ್ದೆ ಅಂತ ಒಂದು ಮಾತು ಏಳು, ನಾನು ಗಾಡಿ ಸ್ಟಾರ್ಟ್ ಮಾಡ್ತೀನಿ. ಆಕ್ಲಿಲ್ಲ ಅಂದ್ರೆ ನೀನು ಬರೋವರ್ಗೂ ಇದ್ದು, ನಿನ್ನ ಮುಖ ನೋಡಿ, ಮಾತಾಡ್ಸಿ ಓಗ್ತೀನಿ. ಆತುರ ಇಲ್ಲ ಬಾಮೈದ. ನಿಮ್ಮಮ್ಮ ಕೋಳಿ ಬೇರೆ ಕುಯ್ತೀನಿ ಅಂತಾವ್ರೆ."

ಫೋನು ಕಟ್ಟಾಯಿತು.

ಅರುಣಕುಮಾರಿ ಕುರ್ಚಿಯಿಂದ ಎದ್ದು ತಮ್ಮನ ಪಕ್ಕಕ್ಕೆ ಬಂದು ನಿಂತಳು. "ಬೈರೇಶ, ಎದರ್ಬೇಡ್ಲಾ. ಸುಮ ಓದ್ರೆ ಮತ್ತೆ ಕರ್ಕೊಂಡು ಬರೋಣ. ನಾನೇ ಓಗಿ ಅವನ ಕಾಲ್ ಇಡ್ಕೊತೀನಿ. ಓದ್ಸಲ ಬಂದ್ಲಲ್ಲ, ಅಂಗೇ ಬತ್ತಾಳೆ. ನಂದು ಇವತ್ತು ಓದ್ರೆ ಓಯ್ತು. ಸೈನ್ ಆಕು."

"ಹೂ."

"ಆಕ್ಲಾ."

"ಆಕ್ತೀನಿ. ಒಂದು ಟೀ ಕುಡ್ದು ಬತ್ತೀನಿ."

"ಸೈನ್ ಆಕ್ಬಿಟ್ಟು ಓಗ್ಲಾ."

"ಐದು ನಿಮಿಷ ಅಕ್ಕ. ಇಲ್ಲೇ ಎದುರುಗಡೆ ಅಂಗಡಿ. ನನ್ನ ನಂಬಲ್ವಾ ನೀನು?"

ಬೈರೇಶ ಪೆನ್ನಿಗೆ ಮುಚ್ಚಳ ಹಾಕಿ ಹಾಳೆಯ ಮೇಲಿಟ್ಟ. ಹಾಳೆ ಹಾರದಂತೆ ಪೆನ್ನನ್ನು ಸ್ವಲ್ಪ ಸರಿಸಿದ. ಕುಳಿತಿದ್ದ ಕುರ್ಚಿಯನ್ನು ಮೇಜಿನೊಳಕ್ಕೆ ನೂಕಿದ. ಅವನು ಮೆಟ್ಟಿಲಿಳಿಯುವ ಸದ್ದು ಕೊನೆಯ ಮೆಟ್ಟಿಲವರೆಗೂ ಕೇಳಿಸಿತು.

ಅರ್ಧ ಗಂಟೆ ಆಯಿತು. ಅರುಣಕುಮಾರಿ ಡೇರಿ ನಂಬರಿಗೆ ಮಾಡಿದಳು. ಮೂರು ಸಲ ಹೊಡೆದುಕೊಂಡು ನಿಂತಿತು. ನಾಲ್ಕನೇ ಸಲ ಸ್ವಿಚ್ ಆಫ್ ಆಗಿದೆ ಎಂದಿತು. "ಬತ್ತಾನೆ ಮೇಡಂ. ಭಯಕ್ಕೆ ಆಫ್ ಮಾಡವ್ನೆ. ಮಗನ ಮೇಲೆ ಆಣೆ ಇಟ್ಟವ್ನೆ" ಎಂದಳು. ಶಶಿರೇಖ ಎರಡು ಗಂಟೆಗೆ ತಮ್ಮ ಡಬ್ಬಿ ಬಿಚ್ಚಿ ಅರ್ಧ ಚಿತ್ರಾನ್ನ ಅವಳ ಮುಂದಿಟ್ಟರು. ಅವಳು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಯಾರ ಕಾಲಿನ ಸದ್ದಾದರೂ ಎದ್ದು ನಿಲ್ಲುತ್ತಿದ್ದಳು. ಒಂದು ಸಲ ಕೊರಿಯರ್‌ನವನು ಬಂದ. ಇನ್ನೊಂದು ಸಲ ಮನೆ ಬಾಡಿಗೆಗಿದೆಯಾ ಎಂದು ಕೇಳಿಕೊಂಡು ಯಾರೋ ಬಂದರು.

ಮೂರೂಕಾಲಿಗೆ ಶಶಿರೇಖ ಅರ್ಜಿಯ ಕಟ್ಟು ಬಿಚ್ಚಿದರು. ಬೈರೇಶನ ಹಾಳೆಯನ್ನು ಅದರಿಂದ ಹೊರಗೆಳೆದು ಪಕ್ಕಕ್ಕಿಟ್ಟು ಉಳಿದದ್ದನ್ನು ಮತ್ತೆ ಕಟ್ಟಿದರು.

"ನಿಮ್ಮ ಪ್ರಮಾಣಪತ್ರ ಒಂದೇ ಇಟ್ಟು ಹಾಕ್ತೀನಿ ಅರುಣಕುಮಾರಿ. ಹಾಕದೇ ಇರೋದಕ್ಕಿಂತ ಹಾಕಿದ್ದು ವಾಸಿ. ಆದರೆ ಇದಕ್ಕೆ ಜೀವ ಇಲ್ಲ. ಸುಳ್ಳು ಆಸೆ ಕೊಡೋದಿಲ್ಲ ನಾನು."

"ಒಂದೇ ನಿಮಿಷ ಮೇಡಂ."

ಅರುಣಕುಮಾರಿ ಕೆಳಗಿಳಿದು ರಸ್ತೆ ದಾಟಿ ಟೀ ಅಂಗಡಿಗೆ ಹೋದಳು. ಒಳಗಿದ್ದ ಮೂರು ಬೆಂಚನ್ನೂ ನೋಡಿದಳು. ಹಿಂದೆ ಕೈತೊಳೆಯುವ ಜಾಗಕ್ಕೂ ಹೋಗಿ ಬಂದಳು.

"ನೀಲಿ ಅಂಗಿಯವನು, ತೆಳ್ಳಗವ್ನೆ, ಅನ್ನೆರಡು ಗಂಟೆ ಮೇಲೆ ಬಂದಿದ್ನಾ ಅಣ್ಣ? ಟೀ ಕುಡ್ಯಕ್ಕೆ?"

ಟೀ ಅಂಗಡಿಯವನು ಹಾಲು ಎತ್ತಿ ಹುಯ್ಯುತ್ತಲೇ ಹೇಳಿದ. "ಮಹಡಿಯಿಂದ ಇಳಿದು ಬಂದೋನಾ? ಟೀ ಕುಡೀಲಿಲ್ಲಮ್ಮ ಅವ್ನು. ಕಾಮಸಮುದ್ರದ ಬಸ್ಸು ತಿರುಗ್ತಿತ್ತು, ಹಿಂದೆ ಓಡೋಗಿ ಹತ್ಕೊಂಡ. ಚಪ್ಪಲಿ ಒಂದು ಬಿದ್ದೋಯ್ತು, ಅದಕ್ಕೂ ತಿರುಗಿ ನೋಡ್ಲಿಲ್ಲ."